ಮಕ್ಕಳ ದೇಶಕ್ಕೆ ಹೊರಟ ಹಿರಿಯರಿಗೆ

(ಶ್ರೀರಂಗಪಟ್ಟಣ ತಾಲ್ಲೂಕಿನ ಕರಿಘಟ್ಟದ ಬಳಿಯ ಮಸೀದಿಯಲ್ಲಿ, ಜುಮಾ ಖುತ್ಬಾಕ್ಕೆ ಮುಂಚೆ ನಿವೃತ್ತ ಶಿಕ್ಷಕರೊಬ್ಬರು ಕನ್ನಡದಲ್ಲಿ ಮಾಡಿದ ಪ್ರವಚನದ ಸಾರ)

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದರ(ಸ) ಮೇಲೆ, ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್.



ಇವತ್ತಿನ ವಿಷಯ ಮಸಲೆಯೂ ಹೌದು, ಮನೆ ಮಾತೂ ಹೌದು. ನಮ್ಮ ಮೊಹಲ್ಲಾದಲ್ಲಿ ಬೀಗ ಬಿದ್ದ ಮನೆಗಳು ಹೆಚ್ಚುತ್ತಿವೆ. ಆ ಮನೆಗಳಲ್ಲಿದ್ದವರು ಯಾರು? ಶಾಲೆಯಲ್ಲಿ ಪಾಠ ಹೇಳಿದವರು, ಬಸ್ಸು ಓಡಿಸಿದವರು, ಕಚೇರಿಯಲ್ಲಿ ಫೈಲು ಬರೆದವರು. ಅರವತ್ತಾಯಿತು, ನಿವೃತ್ತಿಯಾಯಿತು. ಮಕ್ಕಳು ರಿಯಾದಿನಲ್ಲೋ, ದುಬೈಯಲ್ಲೋ, ಟೊರೊಂಟೊದಲ್ಲೋ ಇದ್ದಾರೆ. ರಾತ್ರಿ ಫೋನು ಬರುತ್ತದೆ: "ಅಬ್ಬಾ, ಅಲ್ಲಿ ನೀವಿಬ್ಬರೇ ಯಾಕೆ ಇರ್ತೀರಿ? ಇಲ್ಲಿಗೇ ಬಂದುಬಿಡಿ." ಕೇಳಿದಾಗ ಸಂತೋಷ ಆಗುತ್ತದೆ. ಫೋನಿಟ್ಟ ಮೇಲೆ ನಿದ್ದೆ ಬರುವುದಿಲ್ಲ.

ಇದನ್ನು ನಾವು ಪುಸ್ತಕದಿಂದ ಹೇಳುತ್ತಿಲ್ಲ. ಹಿಂದಿನ ಚಳಿಗಾಲದಲ್ಲಿ ನಾವಿಬ್ಬರೂ ಟೊರೊಂಟೊ ಹತ್ತಿರದ ಮಗಳ ಮನೆಯಲ್ಲಿ ಐದು ತಿಂಗಳು ಇದ್ದು ಬಂದೆವು. ಮಗಳು ನಮಗಾಗಿ ಒಂದು ಕೋಣೆ ಬಿಟ್ಟಿದ್ದಳು, ಬಟ್ಟೆಗೆ ಕಪಾಟು ಖಾಲಿ ಮಾಡಿದ್ದಳು. ಆದರೆ ನಾವು ಪೆಟ್ಟಿಗೆ ಬಿಚ್ಚಲಿಲ್ಲ. ಮಂಚದ ಕೆಳಗೆ ಇಟ್ಟುಕೊಂಡು, ದಿನಕ್ಕೊಂದು ಅಂಗಿ ಎಳೆದು ಹಾಕಿಕೊಂಡೆವು. ಕಿಟಕಿಯ ಆಚೆ ಹಿಮ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಮಗ್ರಿಬ್. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. "ಊರಿಗೆ ಹೋದ ಮೇಲೆ", "ಊರಿಗೆ ಹೋದ ಮೇಲೆ" ಎನ್ನುವುದೇ ನಮ್ಮ ತಸ್ಬೀಹ್ ಆಗಿಬಿಟ್ಟಿತ್ತು. ನಾಲ್ಕನೆಯ ವಾರ ನಮ್ಮ ಮನೆಯವರು ಹೇಳಿದರು: "ಮೊದಲು ಆ ಪೆಟ್ಟಿಗೆ ಬಿಚ್ಚಿ. ದಿನಾ ಮಗಳು ನೋಡ್ತಿದ್ದಾಳೆ. ತನ್ನ ಮನೆ ಅಬ್ಬಾಗೆ ಮುಸಾಫಿರ್‌ಖಾನೆ ಅಂತ ಅವಳಿಗೆ ಅನ್ನಿಸಲ್ವಾ?"

ಆ ಮಾತು ನಮ್ಮನ್ನು ಫಿಕ್‌ಹ್‌ನ ಒಂದು ಮಸಲೆಗೆ ಕರೆದುಕೊಂಡು ಹೋಯಿತು.

ಮುಸಾಫಿರೋ, ಮುಕೀಮೋ?

ಪ್ರಯಾಣದಲ್ಲಿರುವವನಿಗೆ ನಮಾಝ್ ಕಸ್ರ್ ಮಾಡುವ ರಿಯಾಯಿತಿ ಇದೆ. ಹನಫೀ ಮಸ್‌ಲಕಿನಲ್ಲಿ ಒಂದು ಊರಿನಲ್ಲಿ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ನಿಲ್ಲುವ ನಿಯ್ಯತ್ ಮಾಡಿದರೆ ಅವನು ಮುಕೀಮ್, ಪೂರ್ತಿ ನಮಾಝ್ ಮಾಡಬೇಕು. ಶಾಫಿಈ ಮಸ್‌ಲಕಿನಲ್ಲಿ ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನದ ಲೆಕ್ಕ. ಇಲ್ಲಿ ಗಮನಿಸಬೇಕಾದ ಮಾತು, ತೀರ್ಮಾನ ಮಾಡುವುದು ನಿಯ್ಯತ್ ಎಂಬುದು. "ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ" ಎನ್ನುತ್ತಾ ತಿಂಗಳುಗಟ್ಟಲೆ ಉಳಿದರೂ ಹನಫೀ ಫಿಕ್‌ಹ್‌ನಲ್ಲಿ ಅವನು ಮುಸಾಫಿರನೇ. ಹಝ್ರತ್ ಅಬ್ದುಲ್ಲಾಹ್ ಇಬ್ನ್ ಉಮರ್(ರ) ಅಝರ್‌ಬೈಜಾನಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗಿ ಆರು ತಿಂಗಳು ಉಳಿದರು, ಅಷ್ಟೂ ಕಾಲ ಕಸ್ರ್ ಮಾಡಿದರು ಎಂಬ ವರದಿಯಿದೆ. ಅವರದು ನಿಜವಾದ ಅಡ್ಡಿ. ನಮ್ಮದು? ದಾರಿ ತೆರೆದೇ ಇತ್ತು, ಮುಚ್ಚಿದ್ದು ಮನಸ್ಸು. ನಮಾಝ್ ಏನೋ ಪೂರ್ತಿ ಮಾಡುತ್ತಿದ್ದೆವು. ಬದುಕನ್ನು ಮಾತ್ರ ಕಸ್ರ್ ಮಾಡಿಕೊಂಡಿದ್ದೆವು.

ಇನ್ನೊಂದು ಸಂಗತಿ. ಪ್ರವಾದಿಯವರು(ಸ) ಹುಟ್ಟಿದ್ದು ಮಕ್ಕಾದಲ್ಲಿ. ಹಿಜ್ರತ್ ಮಾಡಿದ ಮೇಲೆ ಮದೀನಾ ಅವರ ಊರಾಯಿತು. ಹಜ್ಜತುಲ್ ವಿದಾಅ್‌ಗೆ ಮಕ್ಕಾಕ್ಕೆ ಬಂದಾಗ, ತಾವು ಹುಟ್ಟಿದ ಊರಿನಲ್ಲೇ ಅವರು ಮುಸಾಫಿರರಂತೆ ಎರಡು ರಕಅತ್ ನಮಾಝ್ ಮಾಡಿದರು. ಮಕ್ಕಾದ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ. ಹೊರಡುವಾಗ ತಿರುಗಿ ನೋಡಿ ನೊಂದವರು ಅವರು. ಆದರೂ ಮದೀನಾವನ್ನು ನಮಗೆ ಮಕ್ಕಾದಷ್ಟೇ, ಅದಕ್ಕಿಂತ ಹೆಚ್ಚು ಪ್ರಿಯವಾಗಿಸು ಎಂದು ದುಆ ಮಾಡಿದರು. ಊರಿನ ನೆನಪು ತಪ್ಪಲ್ಲ. ಹೊಸ ಊರು ಪ್ರಿಯವಾಗಲಿ ಎಂದು ಕೇಳಿಕೊಳ್ಳುವುದೂ ಸುನ್ನತ್ ಎಂಬುದನ್ನು ಮರೆಯಬಾರದು.

ಮಗನ ದೇಶಕ್ಕೆ ಬಂದ ತಂದೆ

ಇಳಿವಯಸ್ಸಿನಲ್ಲಿ ಮಗನ ದೇಶಕ್ಕೆ ಹೊರಟ ಪ್ರವಾದಿಯೊಬ್ಬರಿದ್ದಾರೆ. ಹಝ್ರತ್ ಯಾಕೂಬ್(ಅ). ಸೂರಃ ಯೂಸುಫ್ ಅನ್ನು ನಾವು ಬಾವಿಯ ಕಥೆಯಾಗಿ, ಅಂಗಿಯ ಕಥೆಯಾಗಿ, ಸೆರೆಮನೆಯ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಅದರ ಕೊನೆಯ ಭಾಗ ಒಬ್ಬ ವೃದ್ಧ ತಂದೆ ಸಂಸಾರ ಸಮೇತ ಈಜಿಪ್ಟಿಗೆ ಬಂದು ನೆಲೆಸುವ ಕಥೆ. ಅಲ್ಲಿ ಯೂಸುಫ್(ಅ) ಏನು ಮಾಡಿದರು ನೋಡಿ. ತಂದೆತಾಯಿಯನ್ನು ತಮ್ಮ ಹತ್ತಿರಕ್ಕೆ ಕರೆದುಕೊಂಡರು. ಇಲ್ಲಿ ನೀವು ನಿರ್ಭಯವಾಗಿರಿ ಎಂದು ಧೈರ್ಯ ಹೇಳಿದರು. ಸಿಂಹಾಸನದ ಮೇಲೆ ಕೂರಿಸಿದರು. ಅಲ್ಲಾಹನ ಉಪಕಾರಗಳನ್ನು ಎಣಿಸುವಾಗ ಸೆರೆಮನೆಯಿಂದ ಬಿಡುಗಡೆಯಾದದ್ದನ್ನು ನೆನೆದರು, ಬಾವಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಅಣ್ಣಂದಿರು ತಲೆ ತಗ್ಗಿಸಬೇಕಾಗುತ್ತಿತ್ತು, ತಂದೆಯ ಮನಸ್ಸು ನೋಯುತ್ತಿತ್ತು.

ಹೊರದೇಶದಲ್ಲಿರುವ ನಮ್ಮ ಮಕ್ಕಳು ಇದನ್ನು ಕಲಿಯಬೇಕು. ಸಿಂಹಾಸನ ಎಂದರೆ ಇವತ್ತು ಏನು? ಮನೆಯ ಬೀಗದ ಒಂದು ಕೈ ಅಬ್ಬಾನ ಜೇಬಿನಲ್ಲಿರುವುದು. ಅಮ್ಮಿಗೆ ಒಲೆ ಹಚ್ಚಲು, ತನ್ನ ಕೈಯಾರೆ ಸಾರು ಮಾಡಲು ಯಾರನ್ನೂ ಕೇಳಬೇಕಾಗದಿರುವುದು. ಕೈಯಲ್ಲಿ ಒಂದಿಷ್ಟು ಆ ದೇಶದ ದುಡ್ಡು, ಬಸ್ಸಿನ ಕಾರ್ಡು ಇರುವುದು. ಮಗು ನೋಡಿಕೊಳ್ಳಲು ಜನ ಸಿಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ತಾಯಿಯನ್ನು ಕರೆಸಿಕೊಳ್ಳುವುದು, ಮಗು ಶಾಲೆಗೆ ಸೇರಿದ ಮೇಲೆ ಟಿಕೆಟ್ ಮಾಡಿಸಿ ಕಳಿಸುವುದು, ತಂದೆಯನ್ನು ಒಬ್ಬರು ತಾಯಿಯನ್ನು ಒಬ್ಬರು ಎಂದು ಅಣ್ಣತಮ್ಮಂದಿರು ಎರಡು ದೇಶಕ್ಕೆ ಹಂಚಿಕೊಳ್ಳುವುದು, ಇವೆಲ್ಲ ನಡೆಯುತ್ತಿವೆ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಅಜ್ಜಿಗೆ ಸಂತೋಷವೇ. ಆದರೆ ಅದು ಅವಳ ಪ್ರೀತಿಯಿಂದ ಬರಬೇಕು, ನಮ್ಮ ಹಕ್ಕಿನಂತೆ ವಸೂಲಾಗಬಾರದು. ಹಾಗೆಯೇ, ತಂದೆತಾಯಿ ಬರುವುದಿಲ್ಲ ಎಂದರೆ ಅದನ್ನೂ ಗೌರವಿಸಿ. ಸೇವೆಯ ಹೆಸರಿನಲ್ಲಿ ಅವರನ್ನು ಕಿತ್ತುಕೊಂಡು ಹೋಗುವುದು ಸೇವೆಯಲ್ಲ.

ಇನ್ನು ಯಾಕೂಬರು(ಅ). ಮರಣ ಹತ್ತಿರವಾದಾಗ ಅವರು ಮಕ್ಕಳನ್ನು ಕರೆದು ಕೇಳಿದ್ದನ್ನು ಸೂರಃ ಅಲ್ ಬಕರಃ ತಿಳಿಸುತ್ತದೆ. ಕನ್‌ಆನಿನ ಜಮೀನು ಏನಾಯಿತು ಎಂದು ಅವರು ಕೇಳಲಿಲ್ಲ. ನನ್ನ ನಂತರ ನೀವು ಯಾರನ್ನು ಆರಾಧಿಸುತ್ತೀರಿ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಬಂದದ್ದು ಆ ಮಕ್ಕಳ ನಡುವೆ ಬಾಳಿದ್ದರಿಂದ. ಪೆಟ್ಟಿಗೆ ಬಿಚ್ಚದೆ ಕಿಟಕಿಯ ಪಕ್ಕ ಕುಳಿತ ಅಜ್ಜನಿಗೆ ಮೊಮ್ಮಗ ಏನು ಉತ್ತರ ಕೊಡುತ್ತಾನೆ?

ಮಾರುಕಟ್ಟೆ ಎಲ್ಲಿದೆ?

ಹಝ್ರತ್ ಅಬ್ದುರ್ರಹ್ಮಾನ್ ಇಬ್ನ್ ಔಫ್(ರ) ಬರಿಗೈಯಲ್ಲಿ ಮದೀನಾಕ್ಕೆ ಬಂದರು. ಪ್ರವಾದಿಯವರು(ಸ) ಅವರಿಗೂ ಅನ್ಸಾರಿಯಾದ ಸಅದ್ ಇಬ್ನ್ ರಬೀಅ್(ರ) ಅವರಿಗೂ ಸಹೋದರ ಸಂಬಂಧ ಕಟ್ಟಿದರು. ಸಅದ್(ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗೆ ಬರಕತ್ತಿನ ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಿ ಎಂದರು. ಬನೂ ಕೈನುಕಾಅ್‌ನ ಪೇಟೆಗೆ ಹೋಗಿ ವ್ಯಾಪಾರ ಮಾಡಿ, ಸಂಪಾದಿಸಿದ ತುಪ್ಪ, ಗಿಣ್ಣು ಹೊತ್ತು ತಂದರು. ಕೊಡುವವರು ದೊಡ್ಡವರು. ಪಡೆಯುವವರೂ ಸ್ವಾಭಿಮಾನ ಬಿಡಲಿಲ್ಲ.

ಅರವತ್ತು ದಾಟಿದ ನಮಗೆ ವ್ಯಾಪಾರ ಬೇಡ, ಸಂದರ್ಶಕರ ವೀಸಾದಲ್ಲಿ ದುಡಿಯಲು ಕಾನೂನಿನ ಅನುಮತಿಯೂ ಇರುವುದಿಲ್ಲ. ಆದರೆ ನಮ್ಮ "ಮಾರುಕಟ್ಟೆ" ಯಾವುದು ಎಂದು ಹುಡುಕಬಹುದು. ನಮ್ಮ ಮನೆಯವರು ಪೆಟ್ಟಿಗೆ ಬಿಚ್ಚಿಸಿದ ವಾರವೇ ನಾವು ಅಲ್ಲಿನ ಮಸೀದಿಗೆ ನಡೆದುಕೊಂಡು ಹೋದೆವು. ಗುಜರಾತಿನ ಒಬ್ಬ ಹಿರಿಯರು ಬಸ್ಸು ಹತ್ತುವುದು ಹೇಗೆ ಎಂದು ತೋರಿಸಿದರು. ಸೊಮಾಲಿಯಾದ ಇನ್ನೊಬ್ಬರು ಹಿಮದಲ್ಲಿ ಜಾರದಂಥ ಬೂಟು ಯಾವುದು ಎಂದು ಹೇಳಿದರು. ನಮ್ಮ ಮನೆಯವರು ನಾಲ್ಕು ಹೆಣ್ಣುಮಕ್ಕಳಿಗೆ ಕುರ್‌ಆನ್ ನಾಝಿರಾ ಹೇಳಿಕೊಡತೊಡಗಿದರು. ನಾವು ಮೊಮ್ಮಗನಿಗೆ ಕನ್ನಡ ಅಕ್ಷರ ತಿದ್ದಿಸಿದೆವು. ಕೊನೆಯ ತಿಂಗಳಲ್ಲಿ ಅವನು ಕರಿಘಟ್ಟದ ಹೆಸರನ್ನು ತಾನೇ ಬರೆದು, ಇದು ದಾದಿ ನಾನಿಯರ ಊರಿನ ಬೆಟ್ಟ ಎಂದು ಗೆಳೆಯನಿಗೆ ತೋರಿಸಿದ.

ನಮ್ಮ ಪಟ್ಟಣದ ಚರಿತ್ರೆಯಲ್ಲೂ ಇಂಥ ಪಾಠ ಇದೆ. ಗಂಜಾಂನ ಗುಂಬಜ್‌ನಲ್ಲಿ ಹೈದರಲಿ, ಫಕ್ರುನ್ನಿಸಾ, ಟಿಪ್ಪು ಸುಲ್ತಾನ್ ಮಲಗಿದ್ದಾರೆ. ಟಿಪ್ಪುವಿನ ಮಕ್ಕಳಲ್ಲಿ ಹಲವರು ಇಲ್ಲಿಲ್ಲ. 1799ರ ನಂತರ ಅವರನ್ನು ವೆಲ್ಲೂರಿಗೆ ಒಯ್ದರು, 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತಾಕ್ಕೆ ಸಾಗಿಸಿದರು. ಅವರು ಇಷ್ಟಪಟ್ಟು ಹೋದವರಲ್ಲ. ಆದರೂ ಕಿರಿಯ ಮಗ ಗುಲಾಮ್ ಮುಹಮ್ಮದ್ 1842ರಲ್ಲಿ ಕಲ್ಕತ್ತಾದ ಧರ್ಮತಲದಲ್ಲಿ ಮಸೀದಿ ಕಟ್ಟಿಸಿದರು. ಇವತ್ತಿಗೂ ಅಲ್ಲಿ ನಮಾಝ್ ನಡೆಯುತ್ತಿದೆ, ತಂದೆ ಟಿಪ್ಪುವಿನ ಹೆಸರಿನಲ್ಲೇ ಅದನ್ನು ಗುರುತಿಸುತ್ತಾರೆ. ಬಲವಂತಕ್ಕೆ ಹೋದವರು ಸಜ್ದಾದ ಜಾಗ ಕಟ್ಟಿದರು. ಮಕ್ಕಳ ಪ್ರೀತಿಗೆ ಹೋಗುವ ನಾವು ಒಂದು ಸಫ್‌ನಲ್ಲಾದರೂ ನಿಲ್ಲಬೇಡವೇ?

ಹೊರಡುವ ಮುಂಚೆ

ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟದೆ ಬಿಡುವುದಲ್ಲ. ಆದ್ದರಿಂದ ಕೆಲವು ವ್ಯವಹಾರದ ಮಾತು.

ಮೊದಲು, ಆ ದೇಶ ನಮ್ಮನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ತಿಳಿದುಕೊಳ್ಳಿ. ಅಮೆರಿಕಕ್ಕೆ ಸಂದರ್ಶಕರಾಗಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳು. ಕೆನಡಾ 2011ರ ಡಿಸೆಂಬರಿನಲ್ಲಿ ತಂದೆತಾಯಿ, ಅಜ್ಜಅಜ್ಜಿಯರಿಗೆ ಸೂಪರ್ ವೀಸಾ ತಂದಿತು. 2023ರ ಜೂನ್ 22ರಿಂದ ಅದರಲ್ಲಿ ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಮಕ್ಕಳಿಗೆ ನಿಗದಿಯಾದ ಆದಾಯ ಇರಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ಬ್ರಿಟನ್ 2012ರಿಂದ ವೃದ್ಧ ತಂದೆತಾಯಿಗೆ ಬಾಗಿಲು ಬಹಳ ಕಿರಿದು ಮಾಡಿದೆ. ಎಲ್ಲ ಕಡೆಯೂ ವಿಮೆಯ ಕಾಗದವನ್ನು ಪೂರ್ತಿ ಓದಿ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗಳನ್ನು ಮುಚ್ಚಿಟ್ಟು ವಿಮೆ ಮಾಡಿಸಬೇಡಿ. ಅದು ಸುಳ್ಳು, ಕಷ್ಟಕಾಲಕ್ಕೆ ಕೈಗೂ ಬರುವುದಿಲ್ಲ.

ಎರಡನೆಯದು, ಪಿಂಚಣಿ. ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣ ಪತ್ರವನ್ನು ಹೊರದೇಶದಿಂದ ಹೇಗೆ ಕೊಡುವುದು ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಡಿ. ಅಲ್ಲಿನ ಭಾರತೀಯ ದೂತಾವಾಸದ ಮೂಲಕವೂ ಕೊಡಬಹುದು. ಹೊರದೇಶದಲ್ಲೇ ನೆಲೆಸಿದರೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು ಎಂಬುದು ಕಾನೂನು. ಗದ್ದೆ ಇದ್ದವರು ಗಾಬರಿ ಬೀಳಬೇಡಿ. ಅನಿವಾಸಿಯಾದರೂ ಮೊದಲಿಂದ ಇರುವ ಕೃಷಿ ಜಮೀನು ನಿಮ್ಮದೇ. ಹೊಸದಾಗಿ ಕೊಳ್ಳುವಂತಿಲ್ಲ, ಅಷ್ಟೆ.

ಮೂರನೆಯದು, ಮನೆ. ನಮ್ಮ ಸಲಹೆ: ಮೊದಲ ಎರಡು ವರ್ಷ ಮಾರಬೇಡಿ. ಮನಸ್ಸು ನಿಂತಿದೆಯೇ ಎಂದು ಗೊತ್ತಾಗಲು ಅಷ್ಟು ಕಾಲ ಬೇಕು. ಮಾರಿದ ಹಣ ಮಕ್ಕಳ ಮನೆಯ ಸಾಲಕ್ಕೆ ಹೋದರೆ ಮರಳುವ ದಾರಿ ಇರುವುದಿಲ್ಲ. ಹೊಸ ಊರಿಗೆ ಮನಸ್ಸು ಕೊಡಿ, ಹಳೆಯ ಬಾಗಿಲನ್ನು ಮಾತ್ರ ಒಡೆಯಬೇಡಿ.

ನಾಲ್ಕನೆಯದು, ಸಾಲ ಮತ್ತು ವಸಿಯ್ಯತ್. ಸಾಲ ತೀರಿಸಿ. ತೀರದಿದ್ದರೆ ಬರೆದಿಡಿ, ಸಾಕ್ಷಿ ಹಾಕಿಸಿ. ವಸಿಯ್ಯತ್ ಮೂರನೆಯ ಒಂದು ಭಾಗ ಮೀರಬಾರದು, ವಾರಸುದಾರರಿಗೆ ಅವರ ಪಾಲು ಶರೀಅತ್ ಗೊತ್ತುಮಾಡಿದೆ. ಕರೆದುಕೊಂಡು ಹೋದ ಮಗನಿಗೆ ಎಲ್ಲ ಬರೆದುಕೊಟ್ಟು, ಊರಲ್ಲಿ ಉಳಿದ ಮಗಳ ಹಕ್ಕು ಕಸಿಯಬೇಡಿ.

ಕೊನೆಯ ಭಯ

ಹಿರಿಯರು ಬಾಯಿಬಿಟ್ಟು ಹೇಳದ ಒಂದು ಭಯವಿದೆ. ಅಲ್ಲೇ ಪ್ರಾಣ ಹೋದರೆ? ನಮ್ಮ ಖಬರಸ್ತಾನದ ಮಣ್ಣು ಸಿಗದಿದ್ದರೆ? ಉಹುದ್‌ನ ಶಹೀದರನ್ನು ಅವರು ಬಿದ್ದ ಜಾಗದಲ್ಲೇ ದಫನ್ ಮಾಡಲು ಪ್ರವಾದಿಯವರು(ಸ) ಹೇಳಿದರು. ಮದೀನಾದಲ್ಲಿ ಪ್ರವಾದಿಯವರಿಗೆ(ಸ) ಮೊದಲು ಮನೆ ಕೊಟ್ಟ ಹಝ್ರತ್ ಅಬೂ ಅಯ್ಯೂಬ್ ಅನ್ಸಾರಿ(ರ) ಇಳಿವಯಸ್ಸಿನಲ್ಲಿ ಕಾನ್‌ಸ್ಟಾಂಟಿನೋಪಲ್ ಕೋಟೆಯ ಬಳಿ ತೀರಿಕೊಂಡು ಅಲ್ಲೇ ದಫನ್ ಆದರು, ಇಂದಿನ ಇಸ್ತಾಂಬುಲಿನಲ್ಲಿ. ಜನಾಝಾವನ್ನು ತಡಮಾಡದೆ ಮುಗಿಸುವುದೇ ನಮ್ಮ ದೀನಿನ ರೀತಿ. ಮಕ್ಕಳಿಗೆ ಇದನ್ನು ಈಗಲೇ ಹೇಳಿಬಿಡಿ, ಆ ಹೊತ್ತಿನಲ್ಲಿ ಅವರು ವಿಮಾನದ ಕಾಗದ ಹಿಡಿದು ಓಡುವಂತಾಗಬಾರದು. ಭೂಮಿ ಎಲ್ಲ ಅಲ್ಲಾಹನದು.

ಸಹೋದರರೇ, ಕರಿಘಟ್ಟದ ಕೆಳಗೆ ಲೋಕಪಾವನಿ ಬಂದು ಕಾವೇರಿ ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಸೇರಿದ ಮೇಲೆ ಹೆಸರು ಕಾವೇರಿಯದು. ಆದರೆ ಆ ನೀರೂ ಗದ್ದೆಗೆ ಹೋಗುತ್ತದೆ, ವ್ಯರ್ಥವಾಗುವುದಿಲ್ಲ.

ಇನ್ಶಾ ಅಲ್ಲಾಹ್, ಮುಂದಿನ ತಿಂಗಳು ನಾವಿಬ್ಬರೂ ಮತ್ತೆ ಹೊರಡುತ್ತಿದ್ದೇವೆ, ಈ ಸಲ ಹೆಚ್ಚು ಕಾಲಕ್ಕೆ. ಮೂವತ್ತು ವರ್ಷ ನಿಮ್ಮ ಮಕ್ಕಳಿಗೆ ಪಾಠ ಹೇಳಿದ್ದೇವೆ, ಕೆಲವರಿಗೆ ಏಟೂ ಕೊಟ್ಟಿದ್ದೇವೆ. ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಮಾಫ್ ಮಾಡಿ. ಯಾರಿಗಾದರೂ ನಮ್ಮಿಂದ ಒಂದು ರೂಪಾಯಿ ಬಾಕಿಯಿದ್ದರೂ ನಮಾಝ್ ಮುಗಿದ ಮೇಲೆ ಬಂದು ಕೇಳಿ, ನಾವು ಬಾಗಿಲ ಹತ್ತಿರವೇ ನಿಂತಿರುತ್ತೇವೆ. ಹೋಗಿ ಮೊದಲ ದಿನವೇ ಪೆಟ್ಟಿಗೆ ಬಿಚ್ಚುತ್ತೇವೆ ಎಂದು ಮನೆಯವರಿಗೆ ಮಾತು ಕೊಟ್ಟಿದ್ದೇವೆ. ಆ ಮಾತು ಉಳಿಸಿಕೊಳ್ಳುವಂತೆ ನೀವೆಲ್ಲ ದುಆ ಮಾಡಿ.

ಅಲ್ಲಾಹನು ಹೋಗುವವರಿಗೆ ನೆಮ್ಮದಿ ಕೊಡಲಿ, ಕರೆಸಿಕೊಂಡ ಮಕ್ಕಳಿಗೆ ಯೂಸುಫರ(ಅ) ಮನಸ್ಸು ಕೊಡಲಿ, ಊರಲ್ಲಿ ಒಂಟಿಯಾಗಿ ಉಳಿದ ಹಿರಿಯರ ಬಾಗಿಲು ತಟ್ಟುವ ಬುದ್ಧಿಯನ್ನು ನಮ್ಮ ಜಮಾಅತಿಗೆ ಕೊಡಲಿ. ಆಮೀನ್.