ಗೆರೆ ಅಚ್ಚಿನದು, ಬಣ್ಣ ಕೈಯದು



ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ಪ್ರತಿಗಳು ನಮ್ಮೂರು ಮೆಲ್ಕಾರಿಗೆ ಬಂದಿವೆ. ಕಲಾವಿದ ಹೊಕುಸಾಯ್‌ನ ಹೆಸರಾಂತ ಅಲೆಯ ಚಿತ್ರ ಇಲ್ಲಿಲ್ಲ. ಇವು ಅದಕ್ಕೂ ನೂರು ವರ್ಷ ಹಿಂದಿನವು. ಬಣ್ಣವನ್ನೂ ಅಚ್ಚಿನಿಂದಲೇ ಒತ್ತುವುದು ರೂಢಿಗೆ ಬಂದದ್ದು 1740ರ ದಶಕದಲ್ಲಿ. ಅದಕ್ಕೆ ಮೊದಲು ಮರದಿಂದ ಮೂಡುತ್ತಿದ್ದುದು ಕಪ್ಪು ಗೆರೆ ಮಾತ್ರ. ತೆಳು ಕಾಗದದಲ್ಲಿ ಬರೆದ ಚಿತ್ರವನ್ನು ಚೆರಿ ಮರದ ಹಲಗೆಗೆ ಕವುಚಿ ಅಂಟಿಸಿ, ಗೆರೆಯೊಂದನ್ನು ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುತ್ತಿದ್ದರು. ಮಸಿ ಬಳಿದು ಅಚ್ಚೊತ್ತಿದ ಮೇಲೆ ಒಂದೊಂದು ಹಾಳೆಗೂ ಕುಂಚ ಹಿಡಿದೇ ಬಣ್ಣ. ಈ ಚಿತ್ರಗಳ ಕಿತ್ತಳೆಗೆಂಪು ಸೀಸದ ಸಿಂಧೂರ. ಆಮೇಲೆ ಬಂದ ಗುಲಾಬಿಗೆಂಪು ಕುಸುಬೆ ಹೂವಿನದು. ನಮ್ಮ ವಿಜಯಪುರ, ಕಲಬುರಗಿ ಕಡೆ ಎಣ್ಣೆಗೆಂದು ಬೆಳೆಯುವ ಅದೇ ಕುಸುಬೆ! ಹತ್ತಿರ ಹೋಗಿ ನೋಡಿ: ಬಣ್ಣ ಅಲ್ಲಲ್ಲಿ ಗೆರೆ ದಾಟಿದೆ, ಸಿಂಧೂರ ಕೆಲವೆಡೆ ಕಪ್ಪಿಟ್ಟಿದೆ.

1710ರ ದಶಕದ ಕೈಗೆತ್ಸುದೋ ಎಂಬ ಕಲಾವಿದರ ಬಳಗದ ಚಿತ್ರಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಆಂಚಿ, ದೋಹಾನ್, ದೋಶಿನ್ ಬರೆದವು. ಹಾಳೆಯ ತುಂಬ ಒಬ್ಬಳೇ ಹೆಣ್ಣು, ಮೈ ತುಂಬ ದೊಡ್ಡ ದೊಡ್ಡ ಚಿತ್ತಾರದ ನಿಲುವಂಗಿ, ನಡುಪಟ್ಟಿಯ ಗಂಟು ಮುಂದಕ್ಕೆ. ಇಂದಿನ ಟೋಕಿಯೊ ಆಗಿರುವ ಎದೋ ನಗರದ ಯೋಶಿವಾರಾ ಕೇರಿಯ ಗಣಿಕೆಯರು ಇವರು. ಮೂವರೂ ಬರೆದ ಮುಖಗಳನ್ನು ಹೋಲಿಸಿ ನೋಡಿ. ಅದೇ ಕಣ್ಣು, ಅದೇ ಮೂಗು, ಅದೇ ಪುಟ್ಟ ಬಾಯಿ. ಬೇರೆಯಾಗಿರುವುದು ಬಟ್ಟೆಯೊಂದೇ. ಯೋಶಿವಾರಾಕ್ಕೆ 1617ರಲ್ಲಿ ಸರಕಾರವೇ ಪರವಾನಗಿ ಕೊಟ್ಟಿತ್ತು. ಬಡವರು ಸಾಲದ ಕಷ್ಟಕ್ಕೆ ಮಾರಿದ ಹೆಣ್ಣುಮಕ್ಕಳು ಅಲ್ಲಿದ್ದರು. ಈ ಹಾಳೆಗಳಲ್ಲಿ ಅದರ ಸುಳಿವೇ ಇಲ್ಲ.

ಇದು ನಮ್ಮ ಕಡೆಯ ಒಂದು ಕೆತ್ತನೆಯನ್ನು ನೆನಪಿಸುತ್ತದೆ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರಿ ಕುಂಜರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಒಂಬತ್ತು ಮಂದಿ ಹೆಂಗಸರು ಮೈ ಬಾಗಿಸಿ, ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ನಮಗೆ ಮೊದಲು ಕಾಣುವುದು ಆನೆ. ಹೆಂಗಸರನ್ನು ಹುಡುಕಿ ಎಣಿಸಬೇಕು. ಕೆತ್ತಿದವನ ಜಾಣ್ಮೆಗೆ ತಲೆಬಾಗುತ್ತೇನೆ, ಈ ಜಪಾನಿ ಗೆರೆಗಳ ಮೇಲೂ ನನಗೆ ಬಲು ಪ್ರೀತಿ. ಆದರೆ ಎರಡು ಕಡೆಯೂ ಕೌಶಲ ಹೆಚ್ಚಿದಷ್ಟು ಹೆಣ್ಣು ಮರೆಯಾಗಿದ್ದಾಳೆ ಎಂಬುದನ್ನು ನಾನು ಹೇಳದೆ ಇರಲಾರೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಸುಂದರಿಯರ ಚಿತ್ರ ಎಂದಷ್ಟೇ ಹೇಳಿ ಮಕ್ಕಳನ್ನು ಮುಂದೆ ದಾಟಿಸಬೇಡಿ. ಇವರು ಯಾರು ಎಂದು ಕೇಳಿದರೆ ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳಿ. ಪ್ರದರ್ಶನ ಉದ್ಘಾಟನೆಯಾಯಿತು, ದೋಹಾನನ ಚಿತ್ರದಿಂದಲೇ ಶುರು ಮಾಡೋಣ, ಬನ್ನಿ.