ಲಾಗಿನ್ ಆಗದ ದಿನ ಸಂಘದ ಕೆಲಸ ನಿಲ್ಲಬಾರದು

ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ



ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಆಗಲೇ ಚೆನ್ನಾಗಿ ತಿಳಿಸಿದ್ದಾರೆ. ನಮಗೆ ವಹಿಸಿದ ವಿಷಯ ಕಂಪ್ಯೂಟರಿನ ಲಾಗಿನ್. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು, ಕಂಪ್ಯೂಟರ್ ಪಂಡಿತರಲ್ಲ. ಆದರೆ "ಇವತ್ತು ಲಾಗಿನ್ ಆಗ್ತಾ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿದ ಸದಸ್ಯನ ಕಷ್ಟ ನಮಗೆ ಗೊತ್ತು. ಕೆರೆಕಟ್ಟೆ ಕಡೆಯಿಂದಲೋ ಬಸರೀಕಟ್ಟೆ ಕಡೆಯಿಂದಲೋ ತೋಟದ ಕೆಲಸ ಬಿಟ್ಟು, ಬಸ್ಸು ಹಿಡಿದು ಬಂದವನಿಗೆ ಇನ್ನೊಂದು ದಿನ ಹಾಳಾಯ್ತು ಅಂತಲೇ ಲೆಕ್ಕ. ಅದು ಬೆಳೆಸಾಲ ಕಟ್ಟುವ ಕಡೇ ದಿನವಾದರಂತೂ ಶೂನ್ಯ ಬಡ್ಡಿಯ ಸೌಲಭ್ಯಕ್ಕೇ ಸಂಚಕಾರ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಲೆಕ್ಕವೆಲ್ಲ ಪುಸ್ತಕದಲ್ಲಿ, ಶಾಯಿಯಲ್ಲಿ. ಬರೆದವನ ಅಕ್ಷರ ನೋಡಿದರೆ ಯಾರು ಬರೆದದ್ದು ಅಂತ ಗೊತ್ತಾಗುತ್ತಿತ್ತು. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಎಲ್ಲ ಸಂಘಗಳಿಗೂ ಒಂದೇ ಬಗೆಯ ಲೆಕ್ಕಪದ್ಧತಿ, ಒಂದೇ ಸಮಾನ ತಂತ್ರಾಂಶ ಎಂಬುದು ಅದರ ಉದ್ದೇಶ. ಕಂಪ್ಯೂಟರಿನಲ್ಲಿ ಎಲ್ಲರ ಅಕ್ಷರವೂ ಒಂದೇ ತರಹ. ಯಾರು ಬರೆದರು ಎಂದು ಹೇಳುವುದು ಲಾಗಿನ್ ಒಂದೇ. ಆದ್ದರಿಂದ ಲಾಗಿನ್ ಅಂದರೆ ಬರೀ ಬಾಗಿಲಲ್ಲ, ಅದು ರುಜು.

ಬಾಗಿಲು ತೆಗೆಯದಿದ್ದಾಗ ಏನು ಮಾಡಬೇಕು? ಕೊನೆ ತೆಗೆಯುವವನು ಮರ ಹತ್ತುವ ಮೊದಲು ಹಗ್ಗ ನೋಡಿಕೊಳ್ಳುತ್ತಾನಲ್ಲ, ಹಾಗೆ ಕ್ರಮವಾಗಿ ನೋಡಬೇಕು.

ಮೊದಲನೆಯದು, ತೊಂದರೆ ಒಬ್ಬರಿಗೋ ಎಲ್ಲರಿಗೋ? ಪಕ್ಕದ ಕಂಪ್ಯೂಟರಿನಲ್ಲೂ ಆಗದಿದ್ದರೆ ತಪ್ಪು ಪಾಸ್‌ವರ್ಡಿನದಲ್ಲ, ನೆಟ್‌ವರ್ಕಿನದೋ ಸರ್ವರಿನದೋ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮ ಕಡೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಬೇರೆ ಯಾವುದಾದರೂ ಜಾಲತಾಣ ತೆರೆದು ನೋಡಿ. ಅದೂ ಬಾರದಿದ್ದರೆ ನೆಟ್‌ವರ್ಕ್ ಇಲ್ಲ. ಅದು ಬಂದು ಇದು ಬಾರದಿದ್ದರೆ ಸರ್ವರ್ ಕಡೆಯ ತೊಂದರೆ ಇರಬಹುದು, ಸಹಾಯವಾಣಿಗೆ ತಿಳಿಸಬೇಕು.

ಎರಡನೆಯದು, ಕೀಲಿಮಣೆ. ಕನ್ನಡ ಟೈಪಿಂಗ್ ಚಾಲೂ ಇದ್ದರೆ ಪಾಸ್‌ವರ್ಡ್ ಕೂಡ ಬೇರೆಯದೇ ಆಗಿಬಿಡುತ್ತದೆ. ಅಲ್ಲಿ ಕಾಣುವುದು ಬರೀ ಚುಕ್ಕಿ, ಹಾಗಾಗಿ ಗೊತ್ತಾಗುವುದಿಲ್ಲ. ಹೆಸರು ಬರೆಯುವ ಜಾಗದಲ್ಲಿ ನಾಲ್ಕು ಅಕ್ಷರ ಹೊಡೆದು ನೋಡಿದರೆ ಕನ್ನಡವೋ ಇಂಗ್ಲಿಷೋ, ದೊಡ್ಡ ಅಕ್ಷರವೋ ಸಣ್ಣದೋ ಎಲ್ಲ ಕಾಣುತ್ತದೆ. ಎರಡು ಸಲ ತಪ್ಪಾದರೆ ಅಲ್ಲಿಗೇ ನಿಲ್ಲಿಸಬೇಕು. ಮತ್ತೆ ಮತ್ತೆ ಒತ್ತಿದರೆ ಖಾತೆಗೆ ಬೀಗ ಬೀಳುವ ವ್ಯವಸ್ಥೆ ಇಂತಹ ತಂತ್ರಾಂಶಗಳಲ್ಲಿ ಸಾಮಾನ್ಯ.

ಮೂರನೆಯದು, ಕಂಪ್ಯೂಟರಿನ ತಾರೀಖು. ಒಳಗಿನ ಗುಂಡಿಯಂಥ ಸಣ್ಣ ಬ್ಯಾಟರಿ ಹಳೆಯದಾದರೆ, ಕರೆಂಟು ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುವುದುಂಟು. ಆಗ "ಸಂಪರ್ಕ ಸುರಕ್ಷಿತವಲ್ಲ" ಎಂದು ಬಂದು ತಂತ್ರಾಂಶ ತೆರೆಯುವುದೇ ಇಲ್ಲ. ತಾರೀಖು, ಗಂಟೆ ಸರಿ ಮಾಡಿದರೆ ಆಯ್ತು. ಬ್ಯಾಟರಿಗೆ ಹೆಚ್ಚು ಖರ್ಚೇನೂ ಇಲ್ಲ.

ನಾಲ್ಕನೆಯದು, "ಈಗಾಗಲೇ ಒಳಗಿದ್ದೀರಿ" ಎಂಬ ಸೂಚನೆ. ಹೊರಗೆ ಬರುವ ಮೊದಲೇ ಕರೆಂಟು ಹೋದರೆ ಸರ್ವರಿನ ಲೆಕ್ಕದಲ್ಲಿ ನೌಕರ ಇನ್ನೂ ಒಳಗೇ ಇರುತ್ತಾನೆ. ಸ್ವಲ್ಪ ಹೊತ್ತು ಕಾಯಬೇಕು, ಇಲ್ಲವೇ ಅಧಿಕಾರ ಇದ್ದವರು ಬಿಡಿಸಬೇಕು. ಯು.ಪಿ.ಎಸ್. ಬ್ಯಾಟರಿ ಚೆನ್ನಾಗಿದ್ದರೆ ಈ ತಾಪತ್ರಯವೇ ಕಡಿಮೆ.

ಐದನೆಯದು, ಒ.ಟಿ.ಪಿ. ಅದು ಯಾರ ಮೊಬೈಲಿಗೆ ಹೋಗ್ತಾ ಇದೆ? ನಿವೃತ್ತಿಯಾದವರ ನಂಬರಿಗೆ ಹೋಗುತ್ತಿದ್ದರೆ ಪ್ರತಿ ಸಲ ಅವರ ಮನೆಗೆ ಫೋನು ಮಾಡುವುದು ಪರಿಹಾರವಲ್ಲ. ಕ್ರಮಪ್ರಕಾರ ನಂಬರು ಬದಲಾಯಿಸಬೇಕು.

ಇಷ್ಟಾದರೂ ಆಗದಿದ್ದರೆ ಜನ ಮಾಡುವ ಸುಲಭ ಉಪಾಯ ಒಂದಿದೆ: "ನನ್ನದು ಆಗ್ತಿಲ್ಲ, ನಿನ್ನ ಪಾಸ್‌ವರ್ಡ್ ಕೊಡು ಮಾರಾಯ." ಬಂಧುಗಳೇ, ಇದೊಂದು ಬೇಡ. ತಿಜೋರಿಗೆ ಎರಡು ಕೀ ಮಾಡಿ ಇಬ್ಬರ ಹತ್ತಿರ ಇಡುವ ಪದ್ಧತಿ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಒಬ್ಬರು ಬರೆಯಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಎರಡೂ ಲಾಗಿನ್ ಒಬ್ಬರ ಕೈಗೆ ಬಂದರೆ ಬರೆದವರೂ ಅವರೇ, ಒಪ್ಪಿದವರೂ ಅವರೇ. ನಾಳೆ ಹಣ ಹೆಚ್ಚು ಕಡಿಮೆಯಾದರೆ ಪ್ರಾಮಾಣಿಕ ನೌಕರನೂ "ನಾನಲ್ಲ" ಎಂದು ತೋರಿಸಿಕೊಳ್ಳಲು ಆಗದು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ ಇದೆ. ಈ ನಿಯಮ ನೌಕರರಿಗೆ ಮಾತ್ರವಲ್ಲ, ನಿರ್ದೇಶಕರಾದ ನಾವೂ ಯಾರ ಪಾಸ್‌ವರ್ಡನ್ನೂ ಕೇಳಬಾರದು.

ಹಾಗಾದರೆ ದೂರದಿಂದ ಬಂದ ಸದಸ್ಯನನ್ನು ವಾಪಸ್ಸು ಕಳಿಸೋದಾ? ಕೂಡದು. ಮುದ್ರಿತ ಕ್ರಮಸಂಖ್ಯೆಯ ರಸೀದಿ ಪುಸ್ತಕ ಒಂದು ಯಾವಾಗಲೂ ಕೌಂಟರಿನಲ್ಲಿ ಇರಲಿ. ಹಣ ತೆಗೆದುಕೊಂಡು ತಾರೀಖು, ವೇಳೆ, ಮೊತ್ತ ಬರೆದು, ಮೊಹರು ಒತ್ತಿ, ರುಜು ಹಾಕಿ ಕೊಡಬೇಕು. ಕೈಬರಹದ ಪುಸ್ತಕದಲ್ಲೂ ಅಂದೇ ದಾಖಲಿಸಬೇಕು. ಲಾಗಿನ್ ಸರಿಹೋದ ಕೂಡಲೇ ಅದನ್ನು ತಂತ್ರಾಂಶಕ್ಕೆ ಏರಿಸಿ, ಇಬ್ಬರು ತಾಳೆ ನೋಡಬೇಕು. ಗಡುವಿನ ದಿನವಾದರೆ ತೊಂದರೆಯ ವಿವರವನ್ನು ಅಂದೇ ಮೇಲಿನ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಹಾಗೆ ಮಾಡಿದರೆ ಸದಸ್ಯನ ಪರವಾಗಿ ಮಾತಾಡಲು ಸಂಘದ ಕೈಯಲ್ಲಿ ಆಧಾರ ಇರುತ್ತದೆ.

ಇದರ ಜೊತೆಗೆ ಲಾಗಿನ್ ರಿಜಿಸ್ಟರ್ ಒಂದು ಬೇಕು. ಯಾರಿಗೆ ಯಾವ ಅಧಿಕಾರ, ಯಾವ ತಾರೀಖಿನಿಂದ, ಯಾವ ಮೊಬೈಲ್ ನಂಬರು ಎಂಬುದು ಅದರಲ್ಲಿರಲಿ. ಪಾಸ್‌ವರ್ಡ್ ಮಾತ್ರ ಬೇಡ. ಕೆಲಸ ಬಿಟ್ಟವರ, ನಿವೃತ್ತರಾದವರ ಲಾಗಿನ್ ಅದೇ ದಿನ ಮುಚ್ಚಬೇಕು. ಕಾರ್ಯದರ್ಶಿಗಳು ರಜೆ ಹಾಕಿದರೆ ಅಧಿಕಾರ ಯಾರಿಗೆ ಎಂಬುದನ್ನು ಆಡಳಿತ ಮಂಡಳಿ ಮೊದಲೇ ಠರಾವು ಮಾಡಿಡಬೇಕು.

ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಲಾಗಿನ್ ಆಗದ ದಿನ ಸಿಬ್ಬಂದಿಯ ಮೇಲೆ ಸಿಟ್ಟು ಮಾಡಬೇಡಿ, "ಯಾರದ್ದಾದರೂ ಹಾಕಿ ಮುಗಿಸಿ" ಎಂದು ಒತ್ತಾಯವೂ ಬೇಡ. ಆದರೆ ರಸೀದಿ ಇಲ್ಲದೆ ಹಣ ಕೊಟ್ಟು ಬರಬೇಡಿ. ಅದನ್ನು ಕೇಳೋದು ನಿಮ್ಮ ಹಕ್ಕು, ಕೊಡೋದು ನಮ್ಮ ಕರ್ತವ್ಯ.

ಇಪ್ಪತ್ತೈದು ವರ್ಷ ಈ ಸಂಘ ನಡೆದದ್ದು ನಂಬಿಕೆಯ ಮೇಲೆ. ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಆ ನಂಬಿಕೆಗೆ ಚ್ಯುತಿ ಬಾರದಂತೆ ನಾವು ನೀವೆಲ್ಲ ಸೇರಿ ನೋಡಿಕೊಳ್ಳೋಣ. 

ಜೈ ಸಹಕಾರ, ಜೈ ಕರ್ನಾಟಕ.