ಸೆರಗಿನ ಹಿಂಬದಿ
(ಮೇ 1: ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ. ಶುಭಸಂದೇಶ: ಮತ್ತಾಯ 13:54-58)



1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಈ ಹಬ್ಬವನ್ನು ಸ್ಥಾಪಿಸಿ, ಲೋಕದ ಕಾರ್ಮಿಕರ ದಿನವನ್ನು ನಜರೇತಿನ ಬಡಗಿಯ ಆಶ್ರಯಕ್ಕೆ ಒಪ್ಪಿಸಿದರು. ಈ ಸಂತರ ಬಾಯಿಂದ ಬಂದ ಒಂದು ಮಾತೂ ಶುಭಸಂದೇಶಗಳಲ್ಲಿಲ್ಲ. ಅವರ ಕೈಯ ಒಂದು ಕೆಲಸದ ವರ್ಣನೆಯೂ ಇಲ್ಲ. ಯೇಸುವನ್ನು ಬಡಗಿಯ ಮಗನೆಂದು ಊರಿನವರು ಹಗುರವಾಗಿ ಕಂಡರೆಂದು ಇಂದು ಕೇಳಿದೆವು. ಜೋಸೆಫರ ದುಡಿಮೆಗೆ ಸಿಕ್ಕ ಮನ್ನಣೆ ಅಷ್ಟೇ. ಆದರೂ ದೇವಪುತ್ರ ಬೆಳೆದದ್ದು ಆ ದುಡಿಮೆಯ ಆಸರೆಯಲ್ಲೇ.

1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನಿಂದ ನಮ್ಮ ಸಂಗೊಳ್ಳಿಯ ಹೆಸರು ನಾಡಿಗೆಲ್ಲ ಗೊತ್ತು. ಅಂಥ ಹೆಸರು ಎಲ್ಲೋ ಒಬ್ಬರಿಗೆ ಬರುತ್ತದೆ. ಉಳಿದವರ ಕೈಕೆಲಸ ಹೆಸರಿಲ್ಲದೆಯೇ ಬಾಳುತ್ತದೆ. ಬೆಳಗಾವಿ, ಧಾರವಾಡ ಸೀಮೆಯ ಕಸೂತಿಯನ್ನು ನೋಡಿ. ಇಳಕಲ್ ಸೀರೆಯ ಸೆರಗಿನಲ್ಲಿ ತೇರು, ಗೋಪುರ, ಆನೆ, ನವಿಲು ಮೂಡಿಸುವ ಹೆಣ್ಣುಮಕ್ಕಳು ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ದಾರಕ್ಕೆ ಗಂಟಿಲ್ಲ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಮೇಲ್ಬದಿ ಹೇಗೋ ಹಿಂಬದಿಯೂ ಹಾಗೆಯೇ. ಹಿಂಬದಿಯನ್ನು ಯಾರು ನೋಡುತ್ತಾರೆ? ಹೊಲಿದವಳು ನೋಡುತ್ತಾಳೆ, ದೇವರು ನೋಡುತ್ತಾರೆ. ಸೆರಗಿನಲ್ಲಿ ಅವಳ ಹೆಸರಿರುವುದಿಲ್ಲ. ಆದರೂ ಅವಳು ಅರೆಮನಸ್ಸಿನಿಂದ ಹೊಲಿದಿಲ್ಲ.

ಆದಿಕಾಂಡದಲ್ಲಿ ದೇವರು ಬೆಳಕನ್ನು ಸೃಷ್ಟಿಸಿ, ಅದು ಒಳ್ಳೆಯದೆಂದು ಕಂಡರು. ಆಗ ಹೊಗಳಲು ಮನುಷ್ಯನೇ ಇರಲಿಲ್ಲ! ಮಾಡಿದ ಕೆಲಸ ಒಳ್ಳೆಯದಾಯಿತೆಂಬ ಆ ಸಂತೋಷದಲ್ಲಿ ಸೃಷ್ಟಿಕರ್ತರು ನಮಗೂ ಪಾಲು ಕೊಟ್ಟಿದ್ದಾರೆ. ಅದನ್ನು ಬಿಟ್ಟು ಹೊಗಳಿಕೆಯನ್ನೇ ನಂಬಿದರೆ, ಹೊಗಳುವವರು ಸುಮ್ಮನಾದ ದಿನ ನಮ್ಮ ಕೈಯೂ ನಿಲ್ಲುತ್ತದೆ. ವೇದಿಕೆಯಲ್ಲಿ ಹೆಸರು ಹೇಳಲಿಲ್ಲವೆಂದು ಗಾಯನವೃಂದ ಬಿಟ್ಟವರು, ಗೋದಲಿ ಕಟ್ಟುವುದನ್ನು ಬಿಟ್ಟವರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಅವರು ಕಳೆದುಕೊಂಡದ್ದು ಹೆಸರನ್ನಲ್ಲ, ಹಾಡಿನ ಸಂತೋಷವನ್ನು.

ಆದರೆ ಒಂದು ಎಚ್ಚರಿಕೆ. ಹೊಗಳಿಕೆ ಬೇಡವೆಂದರೆ ಕೂಲಿಯೂ ಬೇಡವೆಂದಲ್ಲ. ಕೂಲಿ ಭಿಕ್ಷೆಯಲ್ಲ, ನ್ಯಾಯ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಹೊಲದ ಆಳಿಗೆ, ಹೊಲಿಗೆಯ ತಾಯಿಗೆ ಕೊಡಬೇಕಾದದ್ದನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡೋಣ.

ತಂದೆ ತಾಯಂದಿರೇ, ಬಹುಮಾನ ಬರಲಿಲ್ಲವೆಂದು ಮಗು ತಾನು ಬಿಡಿಸಿದ ಚಿತ್ರವನ್ನು ಹರಿಯಲು ಹೊರಟರೆ, ಪಕ್ಕದಲ್ಲಿ ಕುಳಿತು ಕೇಳಿ: “ಬಿಡಿಸುವಾಗ ನಿನಗೆ ಖುಷಿಯಾಯಿತೇ? ಯಾವ ಬಣ್ಣ ನಿನಗೆ ಇಷ್ಟವಾಯಿತು?” ಆ ಮಗುವಿಗೆ ಇನ್ನೊಂದು ಹಾಳೆ ಕೊಡಿ.

ಈ ವಾರ ಯಾರ ಕಣ್ಣಿಗೂ ಬೀಳದ ಒಂದು ಕೆಲಸವನ್ನು ಹಿಂಬದಿಯೂ ಅಚ್ಚುಕಟ್ಟಾಗಿರುವಂತೆ ಮಾಡೋಣ. ಗುಟ್ಟಿನಲ್ಲಿ ನಡೆಯುವುದನ್ನೂ ಕಾಣುವ ತಂದೆ ಅದನ್ನು ಸ್ವೀಕರಿಸಲಿ. ಸಂತ ಜೋಸೆಫರೇ, ನಮ್ಮ ಕೈಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.